ಸಂಬಂಧಿಕರ ಮನೆ ಕೊಳ್ಳಬೇಕು, ಒಳಗಿರುವವರು ಬಿಡುತ್ತಿಲ್ಲ: ಕರ್ನಾಟಕದ ಖರೀದಿದಾರರಿಗೆ ಸಮಗ್ರ ಮಾರ್ಗದರ್ಶಿ

ಚಿಕ್ಕಪ್ಪನೋ ಸೋದರತ್ತೆಯೋ ತಮ್ಮ ಮನೆಯನ್ನು ಹೊರಗಿನವರಿಗೆ ಮಾರುವ ಬದಲು ನಿಮಗೇ ಕೊಡಲು ಮುಂದಾಗುತ್ತಾರೆ. ಬೆಲೆ ಮಾರುಕಟ್ಟೆಗಿಂತ ಕಡಿಮೆ, ಅದರ ಕಾರಣವೂ ಗುಟ್ಟಾಗಿರುವುದಿಲ್ಲ: ಮನೆಯಲ್ಲಿ ಹಳೆಯ ಬಾಡಿಗೆದಾರರೋ, ಭೋಗ್ಯಕ್ಕೆ ಬಂದವರೋ, ಒಂದು ಕಾಲದಲ್ಲಿ ಆಸರೆ ಕೇಳಿ ಬಂದ ಇನ್ನೊಬ್ಬ ನೆಂಟರೋ ಇದ್ದಾರೆ, ಬಿಡಲು ಒಪ್ಪುತ್ತಿಲ್ಲ. ಮೊದಲು ಬರೆಸಿಕೊಳ್ಳೋಣ, ಆಮೇಲೆ ಬಿಡಿಸಿಕೊಂಡರಾಯಿತು ಎಂಬ ಸಲಹೆ ಇಂಥ ಕಡೆ ಮನೆಯ ಹಿರಿಯರಿಂದಲೇ ಬರುತ್ತದೆ. ಈ ಬರಹದ ನಿಲುವು ಅದಕ್ಕೆ ವಿರುದ್ಧವಾಗಿದೆ. ಒಳಗಿರುವವರನ್ನು ತೆರವುಗೊಳಿಸುವ ಹೊಣೆ ಸಾಧ್ಯವಿರುವಷ್ಟೂ ಮಾರುವವರ ಮೇಲೆಯೇ ಇರಬೇಕು, ಮತ್ತು ಬೆಲೆಯ ದೊಡ್ಡ ಪಾಲು ಖಾಲಿ ಮನೆಯ ಕೀಲಿ ಕೈಗೆ ಬಂದಾಗ ಮಾತ್ರ ಪಾವತಿಯಾಗಬೇಕು. ಅದು ಸಾಧ್ಯವಿಲ್ಲದಿದ್ದರೆ ನೀವು ಕೊಳ್ಳುತ್ತಿರುವುದು ಮನೆಯ ಜೊತೆಗೆ ಒಂದು ವ್ಯಾಜ್ಯವನ್ನೂ ಎಂದು ತಿಳಿದು, ಅದಕ್ಕೆ ತಕ್ಕ ಬೆಲೆಯನ್ನಷ್ಟೇ ಕೊಡಬೇಕು.

ಮೊದಲ ಹೆಜ್ಜೆ: ಒಳಗಿರುವವರು ಯಾವ ಹಕ್ಕಿನಿಂದ ಇದ್ದಾರೆ?

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಮಿನಲ್ಲಿ ಒಂದು ವಿವರಣೆ ಇದೆ. ಸ್ಥಿರಾಸ್ತಿಯನ್ನು ಕೊಳ್ಳುವವನಿಗೆ, ಆ ಆಸ್ತಿಯ ಸ್ವಾಧೀನದಲ್ಲಿ ವಾಸ್ತವವಾಗಿ ಇರುವ ವ್ಯಕ್ತಿಗೆ ಏನಾದರೂ ಹಕ್ಕಿದ್ದರೆ ಅದು ತಿಳಿದೇ ಇತ್ತು ಎಂದು ಕಾನೂನು ಭಾವಿಸುತ್ತದೆ. ಅಂದರೆ “ಅವರಿಗೆ ಕರಾರು ಇತ್ತೆಂದು ನನಗೆ ಗೊತ್ತಿರಲಿಲ್ಲ” ಎಂಬ ವಾದಕ್ಕೆ ಮುಂದೆ ಬೆಲೆಯಿಲ್ಲ. ಆದ್ದರಿಂದ ದಾಖಲೆ ಪರಿಶೀಲನೆಗಿಂತ ಮುಂಚೆಯೇ ಆ ಮನೆಗೆ ಹೋಗಿ, ಒಳಗಿರುವವರೊಂದಿಗೆ ಸಮಾಧಾನದಿಂದ ಮಾತನಾಡಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಯಾವಾಗ ಬಂದರು, ಯಾರು ಕರೆತಂದರು, ಯಾರಿಗೆ ಎಷ್ಟು ಹಣ ಕೊಟ್ಟಿದ್ದಾರೆ, ಕಾಗದ ಏನಿದೆ, ರಿಪೇರಿಗೆ ಖರ್ಚು ಮಾಡಿದ್ದಾರೆಯೇ, ವಿದ್ಯುತ್ ಬಿಲ್ಲಿನ ಆರ್‌.ಆರ್. ನಂಬರ್ ಯಾರ ಹೆಸರಿನಲ್ಲಿದೆ, ಕಂದಾಯ ಯಾರು ಕಟ್ಟುತ್ತಿದ್ದಾರೆ ಎಂಬುದೆಲ್ಲ ಮುಖ್ಯ. ಮಾರುವವರ ಕಥೆಗೂ ಇವರ ಕಥೆಗೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿಯೇ ಮುಂದಿನ ದಾವೆ ಅಡಗಿರುತ್ತದೆ.

ಬಾಡಿಗೆದಾರರಾಗಿದ್ದರೆ ವಿಷಯ ಸಾಕಷ್ಟು ಸರಳ. ಮನೆ ಮಾರಾಟವಾದಾಗ ಹಳೆಯ ಮಾಲೀಕರ ಹಕ್ಕುಗಳು ಅದೇ ಕಾಯ್ದೆಯ 109ನೇ ಕಲಮಿನಂತೆ ಹೊಸಬರಿಗೆ ಬರುತ್ತವೆ, ಅದಕ್ಕೆ ಬಾಡಿಗೆದಾರರ ಒಪ್ಪಿಗೆ ಬೇಕಿಲ್ಲ. ಆದರೆ ವರ್ಗಾವಣೆಗೆ ಮುಂಚಿನ ಬಾಕಿ ಬಾಡಿಗೆ ತಾನಾಗಿ ನಿಮ್ಮದಾಗುವುದಿಲ್ಲ, ಮತ್ತು ಮಾರಾಟದ ಸುದ್ದಿ ತಿಳಿಯದೆ ಬಾಡಿಗೆದಾರರು ಹಳೆಯ ಮಾಲೀಕರಿಗೆ ಕೊಟ್ಟ ಹಣವನ್ನು ನೀವು ಮತ್ತೆ ಕೇಳುವಂತಿಲ್ಲ. ಹಾಗಾಗಿ ಖರೀದಿಯಾದ ಕೂಡಲೇ ನೋಂದಾಯಿತ ಅಂಚೆಯಲ್ಲಿ ಒಂದು ಪತ್ರ ಹೋಗಬೇಕು.

ಭೋಗ್ಯದವರ ವಿಷಯ ಸೂಕ್ಷ್ಮವಾದದ್ದು. ನಮ್ಮ ಊರುಗಳಲ್ಲಿ ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಕೂತು, ಬಿಡುವಾಗ ಆ ಹಣ ಹಿಂದಕ್ಕೆ ಪಡೆಯುವ ಪದ್ಧತಿ ಬಹಳ ಬಳಕೆಯಲ್ಲಿದೆ. ಅದು ಭೋಗ್ಯದ ಅಡಮಾನವೇ ಆಗಬೇಕಾದರೆ ಪತ್ರ ನೋಂದಣಿಯಾಗಿರಬೇಕು. ಬಹುತೇಕರ ಕೈಯಲ್ಲಿರುವುದು ಛಾಪಾ ಕಾಗದದ ಮೇಲಿನ ನೋಂದಣಿಯಾಗದ ಕರಾರು. ಹಾಗೆಂದು ಅವರ ಹಣ ಮುಳುಗಿತೆಂದು ತಿಳಿಯಬೇಡಿ. “ಮನೆ ಬಿಡುತ್ತಿಲ್ಲ” ಎಂದು ಮಾರುವವರು ದೂರುವ ಎಷ್ಟೋ ಪ್ರಕರಣಗಳಲ್ಲಿ ನಿಜವಾದ ಮಾತು, ಭೋಗ್ಯದ ಹಣ ಹಿಂತಿರುಗಿಸಲು ಮಾರುವವರ ಬಳಿ ಹಣವಿಲ್ಲ ಎಂಬುದೇ ಆಗಿರುತ್ತದೆ. ಅಂಥಲ್ಲಿ ಕೋರ್ಟು ಕಚೇರಿ ಬೇಕೇ ಇಲ್ಲ: ಕ್ರಯದ ಹಣದಲ್ಲಿ ಆ ಮೊತ್ತವನ್ನು ಕಳೆದು, ಮನೆ ಖಾಲಿಯಾಗುವ ದಿನ ಭೋಗ್ಯದವರಿಗೆ ನೇರವಾಗಿ ಬ್ಯಾಂಕ್ ಮೂಲಕ ಕೊಟ್ಟು ರಸೀದಿ ಪಡೆದರೆ ಮುಗಿಯಿತು.

ಮೂರನೆಯವರು, ಬಾಡಿಗೆಯೂ ಇಲ್ಲದೆ ಭೋಗ್ಯವೂ ಇಲ್ಲದೆ ವಿಶ್ವಾಸದ ಮೇಲೆ ಉಳಿದುಕೊಂಡವರು: ಅಣ್ಣನ ಮಗ, ಮನೆ ನೋಡಿಕೊಳ್ಳಲು ಇಟ್ಟವರು, ಹಳೆಯ ಕೆಲಸದವರು. ಇಂಥವರ ಬಗ್ಗೆ ಸುಪ್ರೀಂ ಕೋರ್ಟ್ 2012ರಲ್ಲಿ ಮರಿಯಾ ಮಾರ್ಗರಿಡಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಣ್ಣ ತಂಗಿಯರ ನಡುವಿನ ಆ ವ್ಯಾಜ್ಯದಲ್ಲಿ ನ್ಯಾಯಾಲಯವು, ಕಾವಲುಗಾರ, ನೌಕರ, ಸ್ನೇಹಿತ ಅಥವಾ ಸಂಬಂಧಿಕನಾಗಿ ಉಚಿತವಾಗಿ ಇರಲು ಬಿಟ್ಟವರಿಗೆ ಎಷ್ಟು ದೀರ್ಘ ಕಾಲ ಇದ್ದರೂ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ ಎಂದಿತು. ಬರೀ ಅನುಮತಿಯ ಮೇಲಿನ ವಾಸವು ಮನೆ ಕೊಂಡವರನ್ನು ಕಟ್ಟಿಹಾಕುವುದಿಲ್ಲ ಎಂಬ ನಿಯಮ 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿಯೂ ಇದೆ. ಆದರೆ ಅನುಮತಿಯನ್ನು ನಂಬಿ ಸ್ವಂತ ಖರ್ಚಿನಲ್ಲಿ ಶಾಶ್ವತ ಕಟ್ಟಡ ಕಟ್ಟಿಕೊಂಡವರ ಅನುಮತಿಯನ್ನು ಹಿಂಪಡೆಯಲಾಗದು ಎಂದೂ ಅದೇ ಕಾಯ್ದೆ ಹೇಳುವುದರಿಂದ, ಮಹಡಿ ಯಾರ ಹಣದಲ್ಲಿ ಎದ್ದಿತು ಎಂಬ ಪ್ರಶ್ನೆಯನ್ನು ಕೇಳದೆ ಬಿಡಬೇಡಿ.

ಹನ್ನೆರಡು ವರ್ಷ ಇದ್ದರೆ ಮನೆ ಅವರದೇ ಆಗುತ್ತದೆ ಎಂಬ ಮಾತು ಊರಲ್ಲೆಲ್ಲ ಓಡಾಡುತ್ತದೆ, ಅದು ಅರ್ಧ ಸತ್ಯ. 1963ರ ಕಾಲಮಿತಿ ಕಾಯ್ದೆಯ 65ನೇ ವಿಧಿಯ ಹನ್ನೆರಡು ವರ್ಷ ಲೆಕ್ಕಕ್ಕೆ ಬರುವುದು, ಮಾಲೀಕರ ಹಕ್ಕನ್ನೇ ಅಲ್ಲಗಳೆದು ಬಹಿರಂಗವಾಗಿ, ಅಡೆತಡೆಯಿಲ್ಲದೆ ಸ್ವಾಧೀನ ನಡೆಸಿದಾಗ. ಬಾಡಿಗೆಯವರಾಗಿ ಅಥವಾ ಒಪ್ಪಿಗೆಯಿಂದ ಇರುವವರಿಗೆ ಅದು ಅನ್ವಯಿಸುವುದಿಲ್ಲ. ಆದರೂ ಒಳಗಿರುವವರು ಎಂದಾದರೂ “ಈ ಮನೆ ನಮ್ಮದು” ಎಂದು ಬರೆದು ಕಳಿಸಿದ್ದರೆ, ಆ ಪತ್ರದ ದಿನಾಂಕವನ್ನು ನಿಮ್ಮ ವಕೀಲರಿಗೆ ಮೊದಲು ತೋರಿಸಿ.

ನಾಲ್ಕನೆಯ ಗುಂಪು, ಪಾಲುದಾರರು. ಇಲ್ಲಿ ಬೇಡದ ಒಕ್ಕಲು ಎಂದು ನಿಮಗೆ ಪರಿಚಯಿಸಲಾದ ವ್ಯಕ್ತಿ ನಿಜವಾಗಿ ಸಹಮಾಲೀಕರಾಗಿರಬಹುದು. ಮುಂದಿನ ಹೆಜ್ಜೆ ಅದರ ಕುರಿತೇ.

ಎರಡನೇ ಹೆಜ್ಜೆ: ಮಾರುವವರಿಗೆ ಇಡೀ ಮನೆ ಮಾರುವ ಹಕ್ಕಿದೆಯೇ?

ಸಂಬಂಧಿಕರ ವ್ಯವಹಾರದಲ್ಲಿ ಎಲ್ಲರೂ ಹಾರಿಸಿಬಿಡುವ ಭಾಗ ಇದು, ಏಕೆಂದರೆ ಆಸ್ತಿಯ ಇತಿಹಾಸ ತಮಗೆ ಗೊತ್ತೇ ಇದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಗೊತ್ತಿರುವುದು ಮನೆತನದ ಇತಿಹಾಸ; ಆಸ್ತಿಯ ಇತಿಹಾಸ ಕಾಗದದಲ್ಲಿರುತ್ತದೆ. ಮೂಲಪತ್ರದಿಂದ ಇಂದಿನವರೆಗಿನ ಎಲ್ಲ ಪತ್ರಗಳು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ತೆಗೆದ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ), ಖಾತಾ ಅಥವಾ ಗ್ರಾಮ ಪಂಚಾಯಿತಿಯಾದರೆ ಇ-ಸ್ವತ್ತು ದಾಖಲೆ, ಕಂದಾಯ ರಸೀದಿ, ವಂಶವೃಕ್ಷ, ತೀರಿಕೊಂಡ ಹಿರಿಯರ ಮರಣ ಪ್ರಮಾಣಪತ್ರ, ಇವಿಷ್ಟನ್ನೂ ಹೊರಗಿನವರಿಂದ ಕೊಳ್ಳುವಾಗ ಎಷ್ಟು ಕಟ್ಟುನಿಟ್ಟಾಗಿ ಕೇಳುತ್ತೀರೋ ಅಷ್ಟೇ ಕಟ್ಟುನಿಟ್ಟಾಗಿ ಕೇಳಿ.

ಆಸ್ತಿ ಹಿಂದೂ ಅವಿಭಕ್ತ ಕುಟುಂಬದ್ದಾಗಿದ್ದರೆ ಹೆಣ್ಣುಮಕ್ಕಳ ಸಹಿಯಿಲ್ಲದೆ ಮುಂದುವರಿಯಬೇಡಿ. ಕರ್ನಾಟಕ 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತ್ತು. 2005ರ ಕೇಂದ್ರದ ತಿದ್ದುಪಡಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ತಂದೆ 2005ರಲ್ಲಿ ಬದುಕಿರಬೇಕಾಗಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಮನೆಯಾದರೆ ಹೆಂಡತಿ, ಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಪಾಲಿದೆ, ಮತ್ತು ಒಬ್ಬ ವಾರಸುದಾರರು ತಮ್ಮ ಪಾಲನ್ನು ಮಾರಹೊರಟರೆ ಉಳಿದವರಿಗೆ ಅದನ್ನು ಮೊದಲು ಕೊಳ್ಳುವ ಅವಕಾಶವನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮು ಕೊಡುತ್ತದೆ. ಬೇರೆ ಧರ್ಮಗಳ ವಾರಸಾ ನಿಯಮ ಬೇರೆ ಇರುವುದರಿಂದ ಅದನ್ನು ಅದರದೇ ಲೆಕ್ಕದಲ್ಲಿ ನೋಡಬೇಕು.

ಒಬ್ಬರ ಪಾಲನ್ನಷ್ಟೇ ಕೊಳ್ಳುವ ಸಲಹೆಗೆ ಕಿವಿಗೊಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವರಿಗೆ ಜಂಟಿ ಸ್ವಾಧೀನದ ಹಕ್ಕಿಲ್ಲ, ಅವರು ವಿಭಾಗದ ದಾವೆಗೇ ಹೋಗಬೇಕು. ಆಗ 1893ರ ವಿಭಾಗ ಕಾಯ್ದೆಯ 4ನೇ ಕಲಮಿನಂತೆ ಕುಟುಂಬದವರು ನ್ಯಾಯಾಲಯ ನಿಗದಿಪಡಿಸಿದ ಬೆಲೆಗೆ ಆ ಪಾಲನ್ನು ತಾವೇ ಕೊಂಡುಕೊಳ್ಳಬಹುದು. ನೀವು ನೆಂಟರೇ ಆಗಿದ್ದರೂ ಆ ಅವಿಭಕ್ತ ಕುಟುಂಬದ ಸದಸ್ಯರಲ್ಲದಿದ್ದರೆ ಈ ಲೆಕ್ಕದಲ್ಲಿ ಹೊರಗಿನವರೇ. ಅಳಿಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು.

ನಡೆಯುತ್ತಿರುವ ದಾವೆಗಳು ಸಾಮಾನ್ಯವಾಗಿ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಮತ್ತು ಒಳಗಿರುವವರ ಹೆಸರುಗಳನ್ನು ಹಾಕಿ ಹುಡುಕಿ. ದಾವೆ ಇರುವಾಗ ಕೊಂಡರೆ ಅದರ ತೀರ್ಪು ನಿಮ್ಮನ್ನೂ ಬಂಧಿಸುತ್ತದೆ. ಜನರಲ್ ಪವರ್ ಆಫ್ ಅಟಾರ್ನಿ ಮೂಲಕ “ಕೊಂಡ” ಸಂಬಂಧಿಕರಿಂದ ಕೊಳ್ಳಬೇಡಿ. ಅದು ಮಾಲೀಕತ್ವವನ್ನು ವರ್ಗಾಯಿಸುವುದಿಲ್ಲ ಎಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿಯೇ ತೀರ್ಮಾನವಾಗಿದೆ.

ಮೂರನೇ ಹೆಜ್ಜೆ: ಬಿಡಿಸುವ ಕೆಲಸ ಯಾರು ಮಾಡಬೇಕು ಎಂದು ತೀರ್ಮಾನಿಸಿ

ಮಾರುವವರೇ ಮಾಡಬೇಕು ಎನ್ನಲು ಗಟ್ಟಿ ಕಾರಣಗಳಿವೆ. ಯಾರಿಗೆ ಯಾವ ಷರತ್ತಿನ ಮೇಲೆ ಮನೆ ಕೊಟ್ಟೆ ಎಂದು ಸಾಕ್ಷಿ ಹೇಳಬಲ್ಲವರು ಅವರೇ. ನೀವು ದಾವೆ ಹೂಡಿದರೂ ಅವರನ್ನು ಸಾಕ್ಷಿ ಕಟ್ಟೆಗೆ ಕರೆಸಬೇಕಾಗುತ್ತದೆ. ಮಾರುವವರಿಗೆ 60 ದಾಟಿದ್ದು ಮನೆಯಲ್ಲಿ ಕೂತವರು ಮಗನೋ ಸೊಸೆಯೋ ಆಗಿದ್ದರೆ, 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅವರು ಅರ್ಜಿ ಹಾಕಬಹುದು. ಆ ರಕ್ಷಣೆ ಹಿರಿಯರದ್ದು, ಮನೆ ಕೊಂಡ ನಿಮಗೆ ಸಿಗುವಂಥದ್ದಲ್ಲ. ಆದರೆ ಸೊಸೆಯ ವಿಷಯದಲ್ಲಿ ಎಚ್ಚರ ಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಣ್ಣಿಗೆ ಸಹವಾಸದ ಮನೆಯಲ್ಲಿ, ಅಂದರೆ ಕೌಟುಂಬಿಕ ಸಂಬಂಧದಲ್ಲಿ ಒಟ್ಟಿಗೆ ವಾಸಿಸಿದ ಮನೆಯಲ್ಲಿ, ಉಳಿಯುವ ಹಕ್ಕು ಕೊಡುತ್ತದೆ. ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಅದು ಸಹವಾಸದ ಮನೆಯಾಗಬಹುದು ಎಂದು 2020ರ ಸತೀಶ್ ಚಂದರ್ ಅಹುಜಾ ತೀರ್ಪು ಹೇಳಿತು. ಅದೇ ವರ್ಷ ಬೆಂಗಳೂರು ನಗರ ಜಿಲ್ಲೆಯಿಂದ ಹೋದ ಎಸ್. ವನಿತಾ ಪ್ರಕರಣದಲ್ಲಿ, ಹಿರಿಯರ ಕಾಯ್ದೆಯನ್ನು ಬಳಸಿ ಆ ಹಕ್ಕನ್ನು ಸುಮ್ಮನೆ ಅಳಿಸಲಾಗದು, ಎರಡೂ ಕಾಯ್ದೆಗಳನ್ನು ಸರಿದೂಗಿಸಬೇಕು ಎಂದು ಸುಪ್ರೀಂ ಕೋರ್ಟ್ ತಿಳಿಸಿತು. ಸೊಸೆಯನ್ನು ಹೊರಹಾಕುವುದಕ್ಕೆಂದೇ ನಿಮ್ಮ ಹೆಸರಿಗೆ ಮನೆ ಬರೆಯಲಾಗುತ್ತಿದೆ ಎಂಬ ಸಂಶಯ ಬಂದರೆ, ಆ ವ್ಯವಹಾರದಿಂದ ದೂರ ಉಳಿಯುವುದೇ ಲೇಸು.

ನಾಲ್ಕನೇ ಹೆಜ್ಜೆ: ಕ್ರಯದ ಕರಾರನ್ನು ಖಾಲಿ ಸ್ವಾಧೀನದ ಸುತ್ತ ಬರೆಸಿ

ನಿಜವಾದ ರಕ್ಷಣೆ ಇರುವುದು ಈ ಕಾಗದದಲ್ಲಿ. ಆಸ್ತಿಯ ಗಂಭೀರ ದೋಷಗಳನ್ನು ಮಾರುವವರು ತಿಳಿಸಬೇಕೆಂದು ಕಾನೂನು ಹೇಳುತ್ತದೆ, ಆದರೆ ನೀವು ಬಲ್ಲ ದೋಷದ ಬಗ್ಗೆ ಆಮೇಲೆ ದೂರಲಾಗದು. ಒಳಗೆ ಜನರಿದ್ದಾರೆಂದು ನಿಮಗೆ ಗೊತ್ತಿದೆ. ಹಾಗಾಗಿ ಎಲ್ಲವನ್ನೂ ಬರೆದೇ ಪಡೆಯಬೇಕು. ಕರಾರನ್ನು ನೋಂದಾಯಿಸಿ. ಒಳಗಿರುವವರ ಹೆಸರು, ಅವರು ಇರುವ ಬಗೆ, ಅವರಿಂದ ಪಡೆದ ಅಡ್ವಾನ್ಸ್ ಅಥವಾ ಭೋಗ್ಯದ ಮೊತ್ತ, ಬೇರೆ ಯಾವ ಕರಾರೂ ಇಲ್ಲವೆಂಬ ಮಾರುವವರ ಘೋಷಣೆ ಅದರಲ್ಲಿರಲಿ. ಮುಂಗಡ ಸಣ್ಣದಿರಲಿ, ಶೇಕಡಾ ಹತ್ತರ ಆಸುಪಾಸು ಸಾಕೆಂದು ನನ್ನ ಎಣಿಕೆ. ಇಂತಿಷ್ಟು ತಿಂಗಳೊಳಗೆ ಖಾಲಿ ಸ್ವಾಧೀನ ಕೊಡದಿದ್ದರೆ ಮುಂಗಡವನ್ನು ಬಡ್ಡಿಸಮೇತ ಹಿಂತಿರುಗಿಸಬೇಕು, ಅಥವಾ ನಿಮ್ಮ ಇಚ್ಛೆಯಂತೆ ಅವಧಿ ವಿಸ್ತರಿಸಬೇಕು ಎಂಬ ಷರತ್ತು ಹಾಕಿಸಿ. ವಿಸ್ತರಣೆಯಾದಾಗಲೆಲ್ಲ ಅದನ್ನು ಬರಹದಲ್ಲಿ ಪಡೆಯಿರಿ, ಏಕೆಂದರೆ ಕರಾರು ಜಾರಿಯ ದಾವೆಗೆ ಇರುವ ಕಾಲಮಿತಿ ಮೂರು ವರ್ಷ.

ಮಾರುವವರಿಗೆ ತುರ್ತಾಗಿ ಹಣ ಬೇಕಿದ್ದು, ಜನರಿರುವಾಗಲೇ ನೋಂದಣಿ ಆಗಲೇಬೇಕೆಂದರೆ ಬೆಲೆಯ ಒಂದು ಗಣನೀಯ ಭಾಗವನ್ನು ಸ್ವಾಧೀನದ ದಿನಕ್ಕೆ ತಡೆಹಿಡಿಯುವ ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳಿ. ಮಾರುವವರು ಈಗಾಗಲೇ ತೆರವಿನ ದಾವೆ ಹೂಡಿದ್ದರೆ, ಖರೀದಿಯ ನಂತರ ನ್ಯಾಯಾಲಯದ ಅನುಮತಿ ಪಡೆದು ನೀವು ಅದನ್ನು ಮುಂದುವರಿಸಬಹುದು. ಅದಕ್ಕೆ ಅವರು ಸಹಕರಿಸಿ ಸಾಕ್ಷಿ ನುಡಿಯಬೇಕೆಂಬುದನ್ನೂ ಒಪ್ಪಂದಕ್ಕೆ ಸೇರಿಸಿ. ಕ್ರಯಪತ್ರದಲ್ಲಿ “ಖಾಲಿ ಸ್ವಾಧೀನ ಕೊಡಲಾಗಿದೆ” ಎಂಬ ರೂಢಿಯ ವಾಕ್ಯವನ್ನು ಪತ್ರ ಬರೆಯುವವರು ಅಭ್ಯಾಸಬಲದಿಂದ ಸೇರಿಸಿಬಿಡುತ್ತಾರೆ. ಅದು ಸುಳ್ಳಾಗಿದ್ದರೆ ತೆಗೆಸಿ, ನಿಜಸ್ಥಿತಿಯನ್ನೇ ಬರೆಸಿ. ಎದುರಾಳಿಯ ವಕೀಲರು ಪಾಟೀಸವಾಲಿನಲ್ಲಿ ಮೊದಲು ಎತ್ತುವುದು ಆ ಸಾಲನ್ನೇ. ಗೃಹಸಾಲ ಪಡೆಯುವವರು ಬ್ಯಾಂಕಿಗೆ ಒಳಗಿರುವವರ ವಿಷಯವನ್ನು ಮೊದಲೇ ತಿಳಿಸುವುದು ಕ್ಷೇಮ.

ಬೆಲೆ ಮತ್ತು ತೆರಿಗೆಯ ಒಂದು ಮಾತು

ಜನರಿರುವ ಮನೆಯ ಬೆಲೆ ಇಳಿಯುತ್ತದೆ, ಆದರೆ ಮುದ್ರಾಂಕ ಶುಲ್ಕ ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕೆಳಗಿಳಿಯುವುದಿಲ್ಲ. ಮಾರ್ಗಸೂಚಿ ಬೆಲೆಗಿಂತ ಬಹಳ ಕಡಿಮೆಗೆ ಕೊಂಡರೆ ಆ ವ್ಯತ್ಯಾಸವನ್ನು ಕೊಂಡವರ ಆದಾಯವೆಂದು ಲೆಕ್ಕ ಹಾಕುವ ನಿಯಮವೂ ಆದಾಯ ತೆರಿಗೆಯಲ್ಲಿದೆ. ಕಾನೂನಿನ ಅರ್ಥದ “ಸಂಬಂಧಿ”ಯಿಂದ ಪಡೆದರೆ ಇದರಿಂದ ವಿನಾಯಿತಿ ಇದೆ: ತಂದೆತಾಯಿ, ಅವರ ಒಡಹುಟ್ಟಿದವರು, ನಿಮ್ಮ ಮತ್ತು ನಿಮ್ಮ ಸಂಗಾತಿಯ ಒಡಹುಟ್ಟಿದವರು ಇದರೊಳಗೆ ಬರುತ್ತಾರೆ. ದೊಡ್ಡಪ್ಪನ ಮಗ, ಸೋದರಮಾವನ ಮಗಳು ಬರುವುದಿಲ್ಲ. ಚಿಕ್ಕಪ್ಪನಿಂದ ನೀವು ಕೊಂಡರೆ ವಿನಾಯಿತಿ ಇದೆ, ನಿಮ್ಮಿಂದ ಚಿಕ್ಕಪ್ಪ ಕೊಂಡರೆ ಇಲ್ಲ. ಬೆಲೆ 50 ಲಕ್ಷ ರೂಪಾಯಿ ಮುಟ್ಟಿದರೆ ಶೇ 1ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಮುರಿದು ಕಟ್ಟುವುದು ಕೊಳ್ಳುವವರ ಹೊಣೆ, ನೆಂಟಸ್ತಿಕೆಗೆ ಅದರಲ್ಲಿ ರಿಯಾಯಿತಿ ಇಲ್ಲ. ಹಣವೆಲ್ಲ ಬ್ಯಾಂಕಿನ ಮೂಲಕವೇ ಹೋಗಲಿ.

ಐದನೇ ಹೆಜ್ಜೆ: ರಾಜಿಗೆ ಪ್ರಾಮಾಣಿಕ ಪ್ರಯತ್ನ

ದಾವೆಗೆ ತಗಲುವ ವರ್ಷಗಳನ್ನು ಮತ್ತು ವಕೀಲರ ಶುಲ್ಕವನ್ನು ಲೆಕ್ಕ ಹಾಕಿದರೆ, ಒಳಗಿರುವವರಿಗೆ ಸಾಗಣೆಯ ಖರ್ಚು, ಹೊಸ ಮನೆಯ ಅಡ್ವಾನ್ಸ್‌ನಷ್ಟು ಹಣ, ಮಕ್ಕಳ ಶಾಲೆಯ ವರ್ಷ ಮುಗಿಯುವವರೆಗಿನ ಸಮಯ ಕೊಡುವುದು ಹೆಚ್ಚಿನ ಸಲ ಅಗ್ಗವೇ ಆಗುತ್ತದೆ. ನ್ಯಾಯ ನಮ್ಮ ಕಡೆ ಇರುವಾಗ ಏಕೆ ಕೊಡಬೇಕು ಎಂದು ಮನೆಯವರು ಕೇಳುತ್ತಾರೆ, ಕೇಳಲಿ. ಆ ಹಣವನ್ನು ಮಾರುವವರ ಬೆಲೆಯಲ್ಲಿ ಕಳೆಯಲು ಚೌಕಾಸಿ ಮಾಡಿ. ಒಪ್ಪಿಗೆಯಾದರೆ ಬಾಯಿಮಾತಿಗೆ ಬಿಡದೆ, ತೆರವಿನ ದಿನಾಂಕ, ಯಾವುದೇ ಹಕ್ಕು ಉಳಿದಿಲ್ಲವೆಂಬ ಹೇಳಿಕೆ ಮತ್ತು ಹಣದ ವಿವರ ಇರುವ ಪತ್ರಕ್ಕೆ ಮನೆಯ ವಯಸ್ಕರೆಲ್ಲರ ಸಹಿ ಪಡೆಯಿರಿ. ಮುಂಚೆಯೇ ಪೂರ್ತಿ ಹಣ ಕೊಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಡಿಕ್ರಿಯ (ನ್ಯಾಯಾಲಯದ ಜಾರಿ ಮಾಡಬಹುದಾದ ತೀರ್ಪಿನ) ಬಲ ಪಡೆಯುತ್ತದೆ, ಮಾತು ತಪ್ಪಿದವರ ಮೇಲೆ ಹೊಸ ದಾವೆ ಹೂಡದೆ ನೇರವಾಗಿ ಜಾರಿಗೆ ಹೋಗಬಹುದು. ಈ ಕಾರಣಕ್ಕೆ ಖಾಸಗಿ ಪಂಚಾಯಿತಿಗಿಂತ ಅದನ್ನು ನಾನು ಮೇಲೆಂದು ಭಾವಿಸುತ್ತೇನೆ.

ಆರನೇ ಹೆಜ್ಜೆ: ನೋಟಿಸ್ ಮತ್ತು ದಾವೆ

ತಿಂಗಳ ಬಾಡಿಗೆಯವರಿಗೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಹದಿನೈದು ದಿನಗಳ ನೋಟಿಸ್ ಸಾಕು. ಕರಾರಿನಲ್ಲಿ ಬೇರೆ ಅವಧಿ ಇದ್ದರೆ ಅದನ್ನು ಪಾಲಿಸಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ತೀರಾ ಕಡಿಮೆ ಬಾಡಿಗೆಯ ಕಟ್ಟಡಗಳಿಗೆ ಸೀಮಿತವಾದದ್ದರಿಂದ ಇಂದಿನ ಬಹುಪಾಲು ಮನೆಗಳು ಅದರ ಹೊರಗಿರುತ್ತವೆ, ಆದರೂ ದಶಕಗಳ ಹಿಂದಿನ ಬಾಡಿಗೆಯಾದರೆ ಪರೀಕ್ಷಿಸಬೇಕು. ನೋಟಿಸ್ ಕೊಟ್ಟ ನಂತರ ಬಾಡಿಗೆ ಪಡೆಯುವುದಾದರೆ ಅದು ಮನೆಯನ್ನು ಬಳಸಿದ್ದಕ್ಕೆ ಬರೀ ಪರಿಹಾರವೆಂದು ಬರೆದೇ ಸ್ವೀಕರಿಸಿ. ಇಲ್ಲದಿದ್ದರೆ ನೋಟಿಸನ್ನು ಕೈಬಿಟ್ಟಿರೆಂಬ ವಾದಕ್ಕೆ ಎಡೆಯಾಗುತ್ತದೆ.

ಬೆಂಗಳೂರಿನಲ್ಲಿ ಬಾಡಿಗೆದಾರರನ್ನು ತೆರವುಗೊಳಿಸುವ ದಾವೆಗಳು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ, ಅಲ್ಲಿ ಶುಲ್ಕ ಒಂದು ವರ್ಷದ ಬಾಡಿಗೆಯ ಮೇಲೆ ನಿಗದಿಯಾಗುತ್ತದೆ. ಒಳಗಿರುವವರು ಮಾಲೀಕತ್ವವನ್ನೇ ಪ್ರಶ್ನಿಸುತ್ತಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಹಕ್ಕು ಘೋಷಣೆ ಮತ್ತು ಸ್ವಾಧೀನ ಎರಡನ್ನೂ ಕೇಳಬೇಕು, ಅಲ್ಲಿ ಶುಲ್ಕ ಆಸ್ತಿಯ ಮೌಲ್ಯದ ಮೇಲೆ ಬೀಳುವುದರಿಂದ ಮೊತ್ತ ಬಹಳ ಹೆಚ್ಚು. ಬರೀ ತಡೆಯಾಜ್ಞೆಯ ದಾವೆ ಹಾಕಿ ಉಳಿತಾಯ ಮಾಡಲು ಹೋಗಬೇಡಿ: ಮಾಲೀಕತ್ವದ ಮೇಲೆ ಮೋಡ ಕವಿದಿರುವಾಗ, ಅದರಲ್ಲೂ ಸ್ವಾಧೀನ ನಿಮ್ಮದಲ್ಲದಾಗ, ಅದು ನಿಲ್ಲುವುದಿಲ್ಲ ಎಂದು 2008ರ ಅನಾತುಲ ಸುಧಾಕರ್ ತೀರ್ಪು ಸ್ಪಷ್ಟಪಡಿಸಿದೆ. ದಾವೆಯಲ್ಲಿಯೇ ಅನಧಿಕೃತ ವಾಸದ ಅವಧಿಯ ಪರಿಹಾರವನ್ನೂ ಕೇಳಿ. ಎದುರಾಳಿ ತಾನು ಬಾಡಿಗೆದಾರನೆಂದು ಬರಹದಲ್ಲಿ ಒಪ್ಪಿಕೊಂಡಿದ್ದರೆ, ಆ ಒಪ್ಪಿಗೆಯ ಮೇಲೆಯೇ ಬೇಗ ತೀರ್ಪು ಕೇಳಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ಅವರೇ ಮೊದಲು ಕೋರ್ಟಿಗೆ ಹೋಗುವ ಸೂಚನೆ ಕಂಡರೆ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ) ಹಾಕಿ. ಅದರ ಆಯುಷ್ಯ 90 ದಿನ, ಮುಗಿದ ಮೇಲೆ ಹೊಸದಾಗಿ ಹಾಕಬೇಕು.

ಈ ನಡುವೆ ಮಾಡಬಾರದ್ದು

ಬೀಗ ಒಡೆಯುವುದು, ಸಾಮಾನು ಹೊರಗಿಡುವುದು, ನೀರು ಅಥವಾ ಕರೆಂಟು ಕಡಿತಗೊಳಿಸುವುದು, ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಬೆದರಿಸುವುದು, ಇವೆಲ್ಲ ನಿಮ್ಮ ಮೇಲೆಯೇ ಕ್ರಿಮಿನಲ್ ಪ್ರಕರಣವಾಗಿ ತಿರುಗುತ್ತವೆ. ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು ನಿಜವಾದ ಮಾಲೀಕರೂ ಕಾನೂನು ಕ್ರಮದ ಮೂಲಕವಲ್ಲದೆ ಹೊರಹಾಕುವಂತಿಲ್ಲ ಎಂಬುದನ್ನು 2003ರಲ್ಲಿ ಕರ್ನಾಟಕದ್ದೇ ಆದ ರಾಮೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಬಲವಂತದಿಂದ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹೂಡಿದರೆ, ಮನೆ ಯಾರದೆಂಬ ಪ್ರಶ್ನೆಯನ್ನೇ ಎತ್ತದೆ ನ್ಯಾಯಾಲಯ ಅವರಿಗೆ ಸ್ವಾಧೀನ ಮರಳಿಸುತ್ತದೆ. ಪೊಲೀಸ್ ಠಾಣೆಯಲ್ಲಿ “ಇದು ಸಿವಿಲ್ ವ್ಯಾಜ್ಯ” ಎಂದು ಹೇಳಿ ಕಳಿಸಿದರೆ ಬೇಸರಪಡಬೇಡಿ. ಬಹುತೇಕ ಸಂದರ್ಭಗಳಲ್ಲಿ ಅದು ಸರಿಯಾದ ಉತ್ತರವೇ.

ಕೊನೆಯ ಹೆಜ್ಜೆ: ಸ್ವಾಧೀನ ಪಡೆಯುವ ದಿನ

ಡಿಕ್ರಿಯಾದ ಮೇಲೂ ಬಿಡದಿದ್ದರೆ ಜಾರಿ ಅರ್ಜಿ ಹಾಕಬೇಕು. ನ್ಯಾಯಾಲಯದ ಅಮೀನರು ಬಂದು, ಬೇಕಿದ್ದರೆ ಪೊಲೀಸ್ ರಕ್ಷಣೆಯಲ್ಲಿ ಬೀಗ ಒಡೆದು, ಸ್ವಾಧೀನ ಕೊಡಿಸುತ್ತಾರೆ. ಆ ಹಂತದಲ್ಲಿ ಎಂದೂ ಕಾಣದ ಹೊಸ ವ್ಯಕ್ತಿಯೊಬ್ಬರು ತಮಗೂ ಹಕ್ಕಿದೆಯೆಂದು ತಕರಾರು ಎತ್ತುವುದು ಅಪರೂಪವಲ್ಲ, ಆದ್ದರಿಂದ ದಾವೆಯ ಆರಂಭದಲ್ಲಿಯೇ ಮನೆಯಲ್ಲಿರುವ ವಯಸ್ಕರೆಲ್ಲರನ್ನೂ ಪ್ರತಿವಾದಿಗಳನ್ನಾಗಿ ಮಾಡಿರಬೇಕು.

ರಾಜಿಯಿಂದಲೇ ಖಾಲಿಯಾದರೂ ಆ ದಿನ ಸಾಕ್ಷಿಗಳ ಎದುರು ಪ್ರತಿ ಕೋಣೆಯ ಚಿತ್ರ ತೆಗೆದು, ಕೀಲಿಗಳ ಹಸ್ತಾಂತರದ ಪತ್ರಕ್ಕೆ ಸಹಿ ಪಡೆದು, ಮೀಟರಿನ ಅಂಕೆ ಬರೆದುಕೊಂಡು, ಬಾಕಿ ಬಿಲ್ಲುಗಳನ್ನು ಇತ್ಯರ್ಥಪಡಿಸಿ, ನಂತರವೇ ತಡೆಹಿಡಿದ ಹಣವನ್ನು ಮಾರುವವರ ಖಾತೆಗೆ ಹಾಕಿ. ಬೀಗಗಳನ್ನೆಲ್ಲ ಅಂದೇ ಬದಲಿಸಿ, ಮನೆಯನ್ನು ಖಾಲಿ ಬಿಡದೆ ಯಾರನ್ನಾದರೂ ಇರಿಸಿ. ಅದೇ ವಾರದಲ್ಲಿ ಖಾತಾ ಬದಲಾವಣೆಗೂ ಆರ್‌.ಆರ್. ನಂಬರ್ ನಿಮ್ಮ ಹೆಸರಿಗೆ ಮಾಡಿಸುವುದಕ್ಕೂ ಅರ್ಜಿ ಕೊಡಿ.